ಹುಳು ಹಿಂದೆ ಬಿದ್ದರೆ ಸೊಪ್ಪು ನೋಡುತ್ತೇವೆ, ಮಗು ಹಿಂದೆ ಬಿದ್ದರೆ?

ಅಕ್ಕೂರು ಸುತ್ತಮುತ್ತ ರೇಷ್ಮೆ ಸಾಕುವವರಿಗೆ ಇದನ್ನು ಹೊಸದಾಗಿ ಹೇಳಬೇಕಾಗಿಲ್ಲ. ಒಂದೇ ದಿನ ತಂದ ಚಾಕಿ ಹುಳು, ಒಂದೇ ತೋಟದ ಸೊಪ್ಪು, ಒಂದೇ ಸಾಕಣೆ ಮನೆ. ಆದರೂ ಎಲ್ಲಾ ಹುಳು ಒಂದೇ ಹೊತ್ತಿಗೆ ಹಣ್ಣಾಗುವುದಿಲ್ಲ. ಮೊದಲು ನಾಲ್ಕಾರು ಹುಳು ತಲೆ ಎತ್ತುತ್ತವೆ. ಆಮೇಲೆ ಒಂದೇ ಸಮನೆ ರಾಶಿ ಹಣ್ಣಾಗಿ, ಚಂದ್ರಿಕೆಗೆ ಬಿಡಲು ಮನೆಮಂದಿಯೆಲ್ಲ ಕೂತರೂ ಕೈ ಸಾಲುವುದಿಲ್ಲ. ಕೊನೆಗೆ ಒಂದಷ್ಟು ಹುಳು ತಟ್ಟೆಯಲ್ಲೇ ಸೊಪ್ಪು ಮೇಯುತ್ತಾ ಉಳಿದುಕೊಳ್ಳುತ್ತವೆ.

ಮುಂಚೆ ಸ್ವಲ್ಪ, ನಡುವೆ ರಾಶಿ, ಕೊನೆಗೆ ಸ್ವಲ್ಪ. ಇದನ್ನು ಕಾಗದದ ಮೇಲೆ ಬರೆದರೆ ಗುಡಿಯ ಗಂಟೆಯನ್ನು ಕವುಚಿಟ್ಟ ಆಕಾರ ಬರುತ್ತದೆ. ನಿಮ್ಮ ಮನೆಯ ಮಗಳೋ ಮಗನೋ ಪಿಯುಸಿಯಲ್ಲಿ ಸಂಖ್ಯಾಶಾಸ್ತ್ರ ತೆಗೆದುಕೊಂಡಿದ್ದರೆ ಕೇಳಿ ನೋಡಿ. ಅವರ ಪುಸ್ತಕದಲ್ಲಿ ಇದಕ್ಕೆ ಪ್ರಸಾಮಾನ್ಯ ವಿತರಣೆ ಎಂಬ ಹೆಸರಿದೆ. ಹೆಸರು ಭಾರಿಯಾಗಿದೆ, ವಿಷಯ ಮಾತ್ರ ನಮ್ಮ ತಟ್ಟೆಯಲ್ಲಿರುವುದೇ.

ಇದರ ಲೆಕ್ಕವನ್ನು ನಮ್ಮ ಮಕ್ಕಳು ಪರೀಕ್ಷೆಗಾಗಿ ಬಾಯಿಪಾಠ ಮಾಡುತ್ತಾರೆ. ಬಲ್ಬು ಎಷ್ಟು ಗಂಟೆ ಉರಿಯುತ್ತದೆ, ಕಾರ್ಖಾನೆಯ ಮೊಳೆಯ ಉದ್ದ ಎಷ್ಟು ಎಂಬ ಪ್ರಶ್ನೆಗಳು. ಆರು ಅಂಕ ಸಿಕ್ಕ ಮೇಲೆ ಪುಸ್ತಕ ಅಟ್ಟಕ್ಕೆ. ಇದೇ ಲೆಕ್ಕದ ಮೇಲೆ ನಮ್ಮೂರ ಅಂಗನವಾಡಿಯಲ್ಲಿ ತಿಂಗಳು ತಿಂಗಳೂ ಪ್ರತಿ ಮಗುವಿನ ಹಣೆಬರಹ ಬರೆಯಲಾಗುತ್ತಿದೆ ಎಂಬುದು ಆ ವಿದ್ಯಾರ್ಥಿಗೂ ಗೊತ್ತಿಲ್ಲ, ಮಗುವಿನ ತಾಯಿಗೂ ಗೊತ್ತಿಲ್ಲ. ಇದು ಬದಲಾಗಬೇಕು ಎನ್ನುವುದು ನನ್ನ ವಾದ.

ಅಂಗನವಾಡಿಯಲ್ಲಿ ಏನು ನಡೆಯುತ್ತದೆ?

ಕಾರ್ಯಕರ್ತೆ ಮಗುವಿನ ಎತ್ತರ, ತೂಕ ಅಳೆದು ಪೋಷಣ್ ಟ್ರ್ಯಾಕರ್ ಆ್ಯಪ್‌ಗೆ ಹಾಕುತ್ತಾರೆ. ಮಗು ಸರಿಯಾಗಿದೆಯೋ, ಸಾಧಾರಣ ಅಪೌಷ್ಟಿಕವೋ, ತೀವ್ರ ಅಪೌಷ್ಟಿಕವೋ ಎಂದು ಆ್ಯಪ್ ಹೇಳುತ್ತದೆ. ಆ ಉತ್ತರ ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಹೊರತಂದ ಬೆಳವಣಿಗೆಯ ಮಾನದಂಡದಿಂದ ಬರುತ್ತದೆ.

ಆ ಮಾನದಂಡದ ಪ್ರಕಾರ ಸರಿಯಾಗಿ ಮೂರು ವರ್ಷ ತುಂಬಿದ ಗಂಡುಮಗುವಿನ ನಡುಮಟ್ಟದ ಎತ್ತರ 96.1 ಸೆಂ.ಮೀ. ಎಲ್ಲ ಮಕ್ಕಳೂ ಅಷ್ಟೇ ಇರುವುದಿಲ್ಲ, ಹುಳುವಿನ ಹಾಗೆಯೇ. ಎಷ್ಟು ಹಿಂದೆ ಮುಂದೆ ಎಂಬುದಕ್ಕೆ ಒಂದು ಅಳತೆ ಬೇಕು. ಪುಸ್ತಕದಲ್ಲಿ ಅದನ್ನು ಮಾನಕ ವಿಚಲನೆ ಎನ್ನುತ್ತಾರೆ. ನಾವು ಇಲ್ಲಿ ಒಂದು 'ಹೆಜ್ಜೆ' ಎನ್ನೋಣ. ಮೂರು ವರ್ಷದ ಹುಡುಗರ ಎತ್ತರದಲ್ಲಿ ಒಂದು ಹೆಜ್ಜೆ ಅಂದರೆ ಸುಮಾರು 3.7 ಸೆಂ.ಮೀ.

ಗಂಟೆಯಾಕಾರದ ಗುಣ ಏನೆಂದರೆ, ನಡುವಿನಿಂದ ಆಚೆ ಈಚೆ ಒಂದೊಂದು ಹೆಜ್ಜೆಯೊಳಗೆ 100ಕ್ಕೆ 68 ಮಕ್ಕಳು ಬರುತ್ತಾರೆ. ಎರಡೆರಡು ಹೆಜ್ಜೆಯೊಳಗೆ 95. ಮೂರು ಮೂರು ಹೆಜ್ಜೆಯೊಳಗೆ ಹೆಚ್ಚುಕಡಿಮೆ ಎಲ್ಲರೂ, 1000ಕ್ಕೆ 997. ಎರಡು ಹೆಜ್ಜೆಗಿಂತ ಕೆಳಗೆ ಉಳಿಯುವವರು 100ಕ್ಕೆ 2.3 ಮಾತ್ರ.

ಈಗ ಒಂದು ಲೆಕ್ಕ ಮಾಡೋಣ. ಅಕ್ಕೂರಿನ ಒಂದು ಮನೆಯಲ್ಲಿ ಮೂರು ವರ್ಷ ತುಂಬಿದ ಹುಡುಗ ಇದ್ದಾನೆ, ಎತ್ತರ 88 ಸೆಂ.ಮೀ. ಎಂದುಕೊಳ್ಳಿ.

ಮೊದಲು ಕಳೆಯಿರಿ: 88ರಿಂದ 96.1 ಕಳೆದರೆ ಮೈನಸ್ 8.1.
ಆಮೇಲೆ ಭಾಗಿಸಿ: 8.1ನ್ನು 3.7ರಿಂದ ಭಾಗಿಸಿದರೆ 2.19. ಅಂದರೆ ಮಗು ನಡುವಿನಿಂದ 2.19 ಹೆಜ್ಜೆ ಕೆಳಗಿದೆ.
ಕೊನೆಗೆ ಪುಸ್ತಕದ ಹಿಂದಿನ ಕೋಷ್ಟಕ ನೋಡಿ: ಚೆನ್ನಾಗಿ ಉಂಡು ಬೆಳೆದ 1000 ಹುಡುಗರಲ್ಲಿ ಇವನಷ್ಟು ಅಥವಾ ಇವನಿಗಿಂತ ಗಿಡ್ಡ ಇರುವವರು ಸುಮಾರು 14 ಮಂದಿ.

ಕಳೆಯುವುದು, ಭಾಗಿಸುವುದು, ಕೋಷ್ಟಕ ನೋಡುವುದು. ಇಷ್ಟೇ. ಪಿಯುಸಿ ಪುಸ್ತಕ 'ಝಡ್' ಎನ್ನುವುದೂ ಇದನ್ನೇ, ಆ್ಯಪ್ ಒಳಗೆ ನಡೆಯುವುದೂ ಬಹುಮಟ್ಟಿಗೆ ಇದೇ. ಎರಡು ಹೆಜ್ಜೆಗಿಂತ ಕೆಳಗಿದ್ದರೆ ವಯಸ್ಸಿಗೆ ತಕ್ಕ ಎತ್ತರವಿಲ್ಲ, ಅಂದರೆ ಕುಂಠಿತ ಬೆಳವಣಿಗೆ. ಮೂರು ಹೆಜ್ಜೆಗಿಂತ ಕೆಳಗಿದ್ದರೆ ತೀವ್ರ.

ಇನ್ನು ದೊಡ್ಡ ಲೆಕ್ಕ

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತು 2019-21ರಲ್ಲಿ ನಡೆಯಿತು. ಅದರಂತೆ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 35.4 ಮಕ್ಕಳ ಬೆಳವಣಿಗೆ ಕುಂಠಿತ. ಅದರ ಹಿಂದಿನ ಸುತ್ತಿನಲ್ಲಿ, 2015-16ರಲ್ಲಿ, ಇದು ಶೇ. 36.2 ಇತ್ತು. ಅಷ್ಟು ವರ್ಷಕ್ಕೆ 100ರಲ್ಲಿ ಒಂದು ಮಗುವೂ ಪೂರ್ತಿ ಕಡಿಮೆಯಾಗಲಿಲ್ಲ.

ಈ ಸಂಖ್ಯೆಯನ್ನು ಪತ್ರಿಕೆಯಲ್ಲಿ ಓದಿ ಪುಟ ತಿರುಗಿಸುತ್ತೇವೆ. ಗಂಟೆಯ ಆಕಾರ ಗೊತ್ತಿದ್ದವರು ಹಾಗೆ ತಿರುಗಿಸಲಾರರು. ಯಾಕೆಂದರೆ ಅಲ್ಲಿ ಇರಬೇಕಾಗಿದ್ದದ್ದು 2.3. ಇರುವುದು 35.4. 30 ಮಕ್ಕಳಿರುವ ಒಂದು ಅಂಗನವಾಡಿ ಎಂದುಕೊಂಡರೆ, ಆ ಪಟ್ಟಿಯಲ್ಲಿ ಒಂದು ಮಗು ಇದ್ದರೆ ಸಹಜ. ರಾಜ್ಯದ ಸರಾಸರಿಯಂತೆ ಹೋದರೆ ಹತ್ತು ಹನ್ನೊಂದು ಮಕ್ಕಳು ಇರುತ್ತಾರೆ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬಹುದು. ಕೋಷ್ಟಕವನ್ನು ತಿರುಗುಮುರುಗಾಗಿ ನೋಡಿದರೆ, 100ರಲ್ಲಿ 35 ಮಂದಿ ಗೆರೆಯ ಕೆಳಗೆ ಬೀಳಬೇಕಾದರೆ ಇಡೀ ಗಂಟೆಯ ನಡುವೇ ಸುಮಾರು 1.6 ಹೆಜ್ಜೆ ಕೆಳಕ್ಕೆ ಸರಿದಿರಬೇಕು. ಮೂರು ವರ್ಷದ ಹುಡುಗನ ಅಳತೆಯಲ್ಲಿ ಹೇಳುವುದಾದರೆ ಹತ್ತಿರ ಹತ್ತಿರ 6 ಸೆಂ.ಮೀ. ಇದು ಕಚ್ಚಾ ಲೆಕ್ಕ. ಸಮೀಕ್ಷೆಯಲ್ಲಿ ಮಕ್ಕಳ ಹರಡು ಮಾನದಂಡಕ್ಕಿಂತ ಅಗಲವಾಗಿರುವುದರಿಂದ ನಿಜವಾದ ಜಾರಿಕೆ ಇದಕ್ಕಿಂತ ಸ್ವಲ್ಪ ಕಡಿಮೆ ಬಂದೀತು. ಆದರೆ ಮುಖ್ಯ ಮಾತು ಬದಲಾಗುವುದಿಲ್ಲ: ಕೆಲವು ಮಕ್ಕಳಷ್ಟೇ ಹಿಂದೆ ಬಿದ್ದಿಲ್ಲ, ಇಡೀ ಗುಂಪೇ ಜಾರಿದೆ.

ಈಗ ಹುಳುವಿನ ಮನೆಗೆ ಬನ್ನಿ. ನೂರಕ್ಕೆ ಎರಡು ಹುಳು ಹಿಂದೆ ಬಿದ್ದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ನೂರಕ್ಕೆ ಮೂವತ್ತೈದು ಹಿಂದೆ ಬಿದ್ದರೆ? ಯಾವ ರೈತನೂ "ಈ ಹುಳುಗಳ ಹಣೆಬರಹವೇ ಹೀಗೆ" ಎಂದು ಕೈಕಟ್ಟಿ ಕೂರುವುದಿಲ್ಲ. ಸೊಪ್ಪು ಎಳಸಾಯಿತೇ, ಬಲಿತುಹೋಯಿತೇ, ತಟ್ಟೆಯಲ್ಲಿ ಹುಳು ಒತ್ತೊತ್ತಾಯಿತೇ, ತೇವ ಹೆಚ್ಚಾಯಿತೇ, ಯಾವ ಜ್ವರಕ್ಕೆ ಹೇಗೆ ಮೇವು ಹಾಕಿದೆವು ಎಂದು ಒಂದೊಂದಾಗಿ ಹುಡುಕುತ್ತಾನೆ. ಮಗುವಿನ ವಿಷಯಕ್ಕೆ ಬಂದಾಗ ಮಾತ್ರ ನಮ್ಮ ಮಾತು ಬೇರೆ: "ಅವರಪ್ಪನೂ ಕುಳ್ಳಗೇ ಅಲ್ವಾ", "ನಮ್ಮ ಕಡೆ ಜನ ಇರೋದೇ ಹಿಂಗೆ".

ಈ ಮಾತನ್ನು ತಳ್ಳಿಹಾಕುವುದಕ್ಕೆ ಮುಂಚೆ ನ್ಯಾಯವಾಗಿ ನೋಡಬೇಕು. ಒಂದೊಂದೇ ಮಗುವಿನ ಮಟ್ಟಿಗೆ ಅದು ಸರಿಯಿರಬಹುದು. ತಂದೆ ತಾಯಿ ಗಿಡ್ಡ ಇದ್ದರೆ ಮಗುವೂ ಗಿಡ್ಡ ಇದ್ದೀತು, ಆರೋಗ್ಯವಾಗಿಯೂ ಇದ್ದೀತು. ಆದರೆ ಮಾನದಂಡಕ್ಕಾಗಿ ಅಳೆದ ಮಕ್ಕಳು ಬರೀ ಬಿಳಿಯರ ಮಕ್ಕಳಲ್ಲ. 1997ರಿಂದ 2003ರವರೆಗೆ ಆರು ದೇಶಗಳಲ್ಲಿ ಸುಮಾರು 8,500 ಮಕ್ಕಳನ್ನು ಅಳೆಯಲಾಯಿತು: ಬ್ರೆಜಿಲ್, ಘಾನಾ, ನಾರ್ವೆ, ಒಮಾನ್, ಅಮೆರಿಕ, ಮತ್ತು ಭಾರತ. ನಮ್ಮ ಮಕ್ಕಳು ದಕ್ಷಿಣ ದೆಹಲಿಯವರು. ಎದೆಹಾಲು ಕುಡಿದು, ಸಾಕಷ್ಟು ಉಂಡು, ಶುಚಿಯಾದ ಮನೆಯಲ್ಲಿ ಬೆಳೆದವರು. ಆರೂ ದೇಶದ ಮಕ್ಕಳ ಎತ್ತರ ಒಂದಕ್ಕೊಂದು ಬಹಳ ಹತ್ತಿರವಿತ್ತು. ಭಾರತಕ್ಕೆ ಈ ಗೆರೆ ಸ್ವಲ್ಪ ಎತ್ತರವಾಯಿತು ಎಂದು ವಾದಿಸುವ ತಜ್ಞರೂ ಇದ್ದಾರೆ. ಇರಲಿ, ಸ್ವಲ್ಪ ಕೆಳಗಿಳಿಸೋಣ. ಆದರೂ 35ನ್ನು 2ಕ್ಕೆ ಇಳಿಸಬೇಕಾದರೆ ಗೆರೆಯನ್ನು ಒಂದೂವರೆ ಹೆಜ್ಜೆಗೂ ಹೆಚ್ಚು ಎಳೆಯಬೇಕು. ಅಷ್ಟನ್ನೂ 'ಜಾತಿಗುಣ' ಎನ್ನುವುದು ಸೊಪ್ಪು ನೋಡದೆ ಹುಳುವನ್ನು ಬೈದ ಹಾಗೆ.

ಗೆರೆಯ ಆಟ

ಇನ್ನೊಂದು ತೊಂದರೆ ಗೆರೆಯದು. ಮೂರು ವರ್ಷದ ಇಬ್ಬರು ಹುಡುಗರು: ಒಬ್ಬ 88 ಸೆಂ.ಮೀ., ಇನ್ನೊಬ್ಬ 89.5 ಸೆಂ.ಮೀ. ಮೊದಲನೆಯವನು 2.19 ಹೆಜ್ಜೆ ಕೆಳಗೆ, ಪಟ್ಟಿಗೆ ಸೇರಿದ. ಎರಡನೆಯವನು 1.78 ಹೆಜ್ಜೆ ಕೆಳಗೆ, 'ಸಾಮಾನ್ಯ' ಎಂದು ಹೊರಗುಳಿದ. ನಡುವೆ ಇರುವುದು ಒಂದೂವರೆ ಸೆಂಟಿಮೀಟರ್. ಹೊಟ್ಟೆಯೊಳಗೆ, ರಕ್ತದೊಳಗೆ, ಇಬ್ಬರ ಸ್ಥಿತಿಯೂ ಹೆಚ್ಚುಕಡಿಮೆ ಒಂದೇ ಇರಬಹುದು.

ಗೆರೆ ಬೇಕು, ಇಲ್ಲದಿದ್ದರೆ ಆಸ್ಪತ್ರೆಗೆ ಮೊದಲು ಯಾರನ್ನು ಕಳಿಸಬೇಕೆಂದು ಗೊತ್ತಾಗುವುದಿಲ್ಲ. ಎತ್ತರಕ್ಕೆ ತಕ್ಕ ತೂಕ ಮೂರು ಹೆಜ್ಜೆಗಿಂತ ಕೆಳಗಿದ್ದರೆ, ಇಲ್ಲವೇ ಆರು ತಿಂಗಳು ದಾಟಿದ ಮಗುವಿನ ತೋಳಿನ ಸುತ್ತಳತೆ 11.5 ಸೆಂ.ಮೀ.ಗಿಂತ ಕಡಿಮೆ ಇದ್ದರೆ ಅದು ತುರ್ತು. ಒಂದು ದಿನವೂ ಕಾಯಬಾರದು. ಆದರೆ ನಮ್ಮ ಇಡೀ ಯೋಚನೆಯೇ ಕೆಂಪು ಪಟ್ಟಿಯ ನಾಲ್ಕಾರು ಮಕ್ಕಳ ಸುತ್ತ ನಿಂತುಬಿಟ್ಟರೆ, ಗೆರೆಯ ಮೇಲೆಯೇ ಜೋಲಾಡುತ್ತಿರುವ ಅದಕ್ಕಿಂತ ಹೆಚ್ಚು ಮಕ್ಕಳನ್ನು ಕೇಳುವವರಿರುವುದಿಲ್ಲ. ಹೋದ ವರ್ಷ ಅರ್ಧ ಹೆಜ್ಜೆ ಕೆಳಗಿದ್ದ ಮಗು ಈ ವರ್ಷ 1.8 ಹೆಜ್ಜೆ ಕೆಳಗಿದ್ದರೆ ಆ್ಯಪ್‌ನಲ್ಲಿ ಅದು ಇನ್ನೂ ಸಾಮಾನ್ಯವೇ. ತಾಯಿಗೆ ಮಾತ್ರ ಅದು ಎಚ್ಚರಿಕೆಯ ಗಂಟೆ.

ಅಳತೆಯೂ ಸರಿಯಿರಬೇಕು. ಒಂದು ಸೆಂಟಿಮೀಟರ್ ತಪ್ಪಿದರೆ ಕಾಲು ಹೆಜ್ಜೆಗಿಂತ ಹೆಚ್ಚು ತಪ್ಪುತ್ತದೆ. ಎರಡು ವರ್ಷದೊಳಗಿನ ಮಗುವನ್ನು ಮಲಗಿಸಿ ಅಳೆಯಬೇಕು, ಆಮೇಲೆ ನಿಲ್ಲಿಸಿ. ಮಲಗಿಸಿದ ಅಳತೆ ನಿಲ್ಲಿಸಿದ್ದಕ್ಕಿಂತ ಸುಮಾರು 0.7 ಸೆಂ.ಮೀ. ಹೆಚ್ಚು ಬರುತ್ತದೆ. ಚಪ್ಪಲಿ, ಜುಟ್ಟು, ಅಳುತ್ತಾ ಬಗ್ಗಿದ ಮಂಡಿ, ಎಲ್ಲವೂ ಲೆಕ್ಕ ಕೆಡಿಸುತ್ತವೆ. ಮಾರುಕಟ್ಟೆಯಲ್ಲಿ ಗೂಡು ತೂಗುವಾಗ ತಕ್ಕಡಿಯ ಮುಳ್ಳಿನ ಮೇಲೆ ಕಣ್ಣಿಟ್ಟು ನಿಲ್ಲುವ ನಾವು, ಮಗುವನ್ನು ಅಳೆಯುವಾಗಲೂ ಹಾಗೆಯೇ ಪಕ್ಕದಲ್ಲಿ ನಿಲ್ಲಬೇಕು.

ಎಲ್ಲದಕ್ಕೂ ಗಂಟೆ ಕಟ್ಟಬೇಡಿ

ಈ ಲೆಕ್ಕ ಕಲಿತ ಹುಮ್ಮಸ್ಸಿನಲ್ಲಿ ಎಲ್ಲ ಕಡೆ ಹಚ್ಚುವ ಹಾಗಿಲ್ಲ. ಎತ್ತರಕ್ಕೆ ಗಂಟೆಯ ಆಕಾರ ಚೆನ್ನಾಗಿ ಹೊಂದುತ್ತದೆ. ತೂಕಕ್ಕೆ ಅಷ್ಟು ಸರಿಹೊಂದುವುದಿಲ್ಲ, ಮೇಲ್ಗಡೆ ಬಾಲ ಉದ್ದ. ಅದಕ್ಕೇ ತೂಕದ ಕೋಷ್ಟಕ ಮಾಡುವಾಗ ವಿಶ್ವ ಆರೋಗ್ಯ ಸಂಸ್ಥೆಯವರು ಬೇರೆ ತಿದ್ದುಪಡಿ ಮಾಡಿದ್ದಾರೆ. ಜಮೀನು, ಆದಾಯ, ಸಾಲ ಇವುಗಳಿಗಂತೂ ಹೊಂದುವುದೇ ಇಲ್ಲ. ಒಂದು ಬೀದಿಯ ಒಂಬತ್ತು ಮನೆಗಳಲ್ಲಿ ತಿಂಗಳಿಗೆ 10,000 ರೂಪಾಯಿ, ಹತ್ತನೆಯ ಮನೆಯಲ್ಲಿ 3 ಲಕ್ಷ ಇದ್ದರೆ ಸರಾಸರಿ 39,000 ಬರುತ್ತದೆ. ಆ ಬೀದಿಯಲ್ಲಿ 39,000 ದುಡಿಯುವವರು ಒಬ್ಬರೂ ಇಲ್ಲ. ಸರಾಸರಿ ಹೇಳಿದವರನ್ನು "ಹರಡು ಎಷ್ಟು?" ಎಂದು ಕೇಳುವುದನ್ನು ನಾವು ಕಲಿಯಬೇಕು.

ಏನು ಮಾಡಬಹುದು?

ಮೊದಲನೆಯದು, ತಾಯಂದಿರು ಕೇಳಬೇಕು. "ನನ್ನ ಮಗು ಸರಿಯಿದೆಯಾ" ಎಂದಷ್ಟೇ ಅಲ್ಲ, "ಗೆರೆಯಿಂದ ಎಷ್ಟು ಮೇಲಿದೆ, ಹೋದ ಸಲಕ್ಕಿಂತ ಇಳಿದಿದೆಯಾ" ಎಂದು. ಅಂಗನವಾಡಿ ಕಾರ್ಯಕರ್ತೆಯರು ಇದನ್ನು ತೋರಿಸಬಲ್ಲರು, ಕೇಳುವವರು ಬೇಕು.

ಎರಡನೆಯದು, ಗ್ರಾಮಸಭೆ. ರಸ್ತೆ, ಚರಂಡಿ, ಬೀದಿದೀಪದ ಚರ್ಚೆ ಆಗಲಿ. ಅದರ ಜೊತೆ ಒಂದು ಪಟ್ಟಿಯೂ ಓದಲಿ: ನಮ್ಮ ಪಂಚಾಯಿತಿಯ ಎಷ್ಟು ಮಕ್ಕಳು ಒಂದು ಹೆಜ್ಜೆಯೊಳಗಿದ್ದಾರೆ, ಎಷ್ಟು ಮಂದಿ ಒಂದರಿಂದ ಎರಡು ಹೆಜ್ಜೆ ಕೆಳಗೆ, ಎಷ್ಟು ಮಂದಿ ಅದಕ್ಕೂ ಕೆಳಗೆ. ಯಾವ ಮಗುವಿನ ಹೆಸರೂ ಬೇಡ, ಸಂಖ್ಯೆ ಸಾಕು. ಬರೀ 'ತೀವ್ರ ಅಪೌಷ್ಟಿಕ ಇಬ್ಬರು' ಎಂದು ಓದಿದರೆ ಊರು ನಿಟ್ಟುಸಿರು ಬಿಟ್ಟು ಎದ್ದುಹೋಗುತ್ತದೆ.

ಮೂರನೆಯದು, ಚನ್ನಪಟ್ಟಣ, ರಾಮನಗರ, ಕನಕಪುರ, ಮಾಗಡಿಯ ಪಿಯು ಕಾಲೇಜುಗಳ ಸಂಖ್ಯಾಶಾಸ್ತ್ರದ ಮೇಷ್ಟ್ರುಗಳಿಗೆ ಒಂದು ಕೋರಿಕೆ. ಬಲ್ಬು, ಮೊಳೆ ಬಿಟ್ಟು ಒಂದು ವಾರ ಈ ಲೆಕ್ಕ ಮಾಡಿಸಿ. ಅಂಗನವಾಡಿಯ ಹೆಸರಿಲ್ಲದ ಸಂಖ್ಯೆಗಳು, ಗೂಡಿನ ತೂಕ, ಡೇರಿಯ ಹಾಲಿನ ಫ್ಯಾಟು, ಏನಾದರೂ ಆಗಲಿ. ಪರೀಕ್ಷೆಯ ಅಂಕವೂ ಬರುತ್ತದೆ, ಮನೆಗೆ ಹೋಗಿ ಅಕ್ಕನ ಮಗುವಿನ ತಾಯಿ ಕಾರ್ಡ್ ಓದುವಷ್ಟು ಬುದ್ಧಿಯೂ ಬರುತ್ತದೆ.

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯ. ಗುಂಪೇ ಜಾರಿದ್ದರೆ ಮದ್ದೂ ಇಡೀ ಗುಂಪಿಗೆ ಬೇಕು. ಗರ್ಭದ 270 ದಿನ, ಹುಟ್ಟಿದ ಮೇಲಿನ 730 ದಿನ, ಒಟ್ಟು ಸಾವಿರ ದಿನದಲ್ಲಿ ಮಗುವಿನ ಎತ್ತರದ ಬುನಾದಿ ಬೀಳುತ್ತದೆ. 2013ರಿಂದ ನಡೆಯುತ್ತಿರುವ ಕ್ಷೀರಭಾಗ್ಯದ ಹಾಲು, 2017ರಲ್ಲಿ ಶುರುವಾದ ಮಾತೃಪೂರ್ಣದ ಊಟ, ಅಂಗನವಾಡಿಯ ಮೊಟ್ಟೆ, ಇವು ಪಟ್ಟಿಯಲ್ಲಿರುವ ಕೆಲವರಿಗೆ ಕೊಡುವ ದಾನವಲ್ಲ. ಜಾರಿದ ಗಂಟೆಯನ್ನು ಮೇಲಕ್ಕೆ ತಳ್ಳುವ ಕೈಗಳು. ಅವು ಒಂದು ತಿಂಗಳು ತಪ್ಪಿದರೂ ಕೇಳಬೇಕು. ಶುದ್ಧ ನೀರು, ಶೌಚಾಲಯ, ಹುಡುಗಿಗೆ ಎಳೆ ವಯಸ್ಸಿನಲ್ಲಿ ಮದುವೆ ಮಾಡದಿರುವುದು ಇವೂ ಅದೇ ಲೆಕ್ಕಕ್ಕೆ ಸೇರುತ್ತವೆ.

ಹುಳು ಸಣ್ಣದಾದರೆ ಒಂದು ಬೆಳೆ ಹೋಗುತ್ತದೆ, ಮುಂದಿನ ಬೆಳೆಗೆ ತಿದ್ದಿಕೊಳ್ಳುತ್ತೇವೆ. ಮಗುವಿಗೆ ಎರಡನೇ ಬೆಳೆ ಇಲ್ಲ. ಈ ತಿಂಗಳು ಅಂಗನವಾಡಿಯಲ್ಲಿ ಅಳತೆ ನಡೆಯುವ ದಿನ ಯಾವುದೆಂದು ಕೇಳಿಕೊಳ್ಳಿ, ಆವತ್ತು ಅರ್ಧ ಗಂಟೆ ಬಿಡುವು ಮಾಡಿಕೊಂಡು ಹೋಗಿ. ಮನೆಯಲ್ಲಿ ಪಿಯುಸಿ ಓದುವವರಿದ್ದರೆ ಅವರನ್ನೂ ಕರೆದುಕೊಂಡು ಹೋಗಿ.