ಕೈತುತ್ತಿನ ಗಿಳಿಮರಿ

ಮೊಟ್ಟೆಯೊಡೆದು ಆಗತಾನೆ ಹೊರಬಂದ ಮರಿಯನ್ನು ಕಂಡವರಿಗೆ ಅದು ಗಿಳಿಯೆಂದು ನಂಬುವುದೇ ಕಷ್ಟ. ಹಸಿರು ಗರಿಯಿಲ್ಲ, ಕೆಂಪು ಕೊಕ್ಕಿಲ್ಲ. ಕಣ್ಣೂ ಇನ್ನು ತೆರೆದಿಲ್ಲ. ಬೋಳು ಮೈ, ಎತ್ತಿ ನಿಲ್ಲಿಸಲಾರದ ತಲೆ, ಸದಾ ಹಸಿದ ಬಾಯಿ—ಇವಿಷ್ಟೇ ಅದರ ಆಸ್ತಿ. ಕೋಳಿಮರಿಯು ಹುಟ್ಟಿದ ಒಂದೆರಡು ದಿನಗಳಲ್ಲೇ ತಾಯಿಯ ಹಿಂದೆ ಓಡಾಡಿ ಕಾಳು ಹೆಕ್ಕುತ್ತದೆ. ಗಿಳಿಮರಿಗಾದರೋ ವಾರಗಟ್ಟಲೆ ಹೆತ್ತವರ ತುತ್ತೇ ಗತಿ. ಅವು ತಾವು ನುಂಗಿದ ಆಹಾರವನ್ನು ಗಂಟಲ ಬಳಿಯ ಚೀಲದಲ್ಲಿ ಮೆತ್ತಗಾಗಿಸಿ, ಮತ್ತೆ ಮೇಲಕ್ಕೆ ತಂದು ಮರಿಗೆ ಉಣಿಸುತ್ತವೆ.

ಈ ಕೆಲಸವನ್ನು ಮನುಷ್ಯನು ವಹಿಸಿಕೊಂಡಾಗಲೇ ಅದರ ಕಷ್ಟ ಅರಿವಾಗುವುದು. ಗರಿ ಮೂಡದ ಮರಿಯು ತನ್ನ ಮೈಯ ಕಾವನ್ನು ತಾನೇ ಉಳಿಸಿಕೊಳ್ಳಲಾರದು. ಆದುದರಿಂದ ಮೊದಲ ದಿನಗಳಲ್ಲಿ ಸುಮಾರು 35 ಡಿಗ್ರಿ ಸೆಲ್ಸಿಯಸ್ ಶಾಖವಿರುವ ಪೆಟ್ಟಿಗೆಯಲ್ಲಿ ಅದನ್ನಿಡಬೇಕು. ಎರಡು ಮೂರು ಗಂಟೆಗೊಮ್ಮೆ, ರಾತ್ರಿಯಲ್ಲೂ ಎದ್ದು, ತೆಳ್ಳನೆಯ ಗಂಜಿಯಂತಹ ಆಹಾರವನ್ನು ಕೊಡಬೇಕು. ಆ ಆಹಾರ 40 ಡಿಗ್ರಿಯ ಆಸುಪಾಸಿನಲ್ಲಿರಬೇಕು. ತಣ್ಣಗಾದರೆ ಚೀಲದಲ್ಲೇ ನಿಂತು ಹುಳಿಗಟ್ಟುತ್ತದೆ. ಬಿಸಿ ಹೆಚ್ಚಾದರೆ ಎಳೆಯ ಚೀಲವನ್ನೇ ಸುಡುತ್ತದೆ. ಅವಸರದಿಂದ ಸುರಿದರೆ ಶ್ವಾಸನಾಳವನ್ನು ಹೊಕ್ಕು ಪ್ರಾಣಕ್ಕೇ ಮುಳುವಾಗಬಹುದು.

ಇಂತಹ ಆರೈಕೆಯು ಹವ್ಯಾಸವಾಗಿರದೆ, ಒಂದು ಕುಲದ ಅಳಿವು ಉಳಿವಿನ ಪ್ರಶ್ನೆಯಾಗಿರುವ ನಾಡು ನ್ಯೂಜಿಲೆಂಡ್. ಅಲ್ಲಿಯ ‘ಕಾಕಪೊ’ ಎಂಬ ಗಿಳಿ ಹಾರಲಾರದು. ಇರುಳಿನಲ್ಲಿ ನೆಲದ ಮೇಲೆ ನಡೆದಾಡುತ್ತದೆ. ಗಂಡು ನಾಲ್ಕು ಕಿಲೋಗ್ರಾಂವರೆಗೂ ತೂಗಬಲ್ಲದು. ಹೊರನಾಡುಗಳಿಂದ ಬಂದ ಬೆಕ್ಕು, ಇಲಿ ಮೊದಲಾದ ಪ್ರಾಣಿಗಳಿಗೆ ಅದು ಸುಲಭದ ಬೇಟೆಯಾಯಿತು. 1995ರಲ್ಲಿ ಉಳಿದಿದ್ದುವು ಕೇವಲ 51. ರಿಮು ಎಂಬ ಮರ ಹೇರಳವಾಗಿ ಹಣ್ಣು ಬಿಡುವ ವರ್ಷಗಳಲ್ಲಿ, ಎಂದರೆ ಎರಡರಿಂದ ನಾಲ್ಕು ವರ್ಷಗಳಿಗೊಮ್ಮೆ ಮಾತ್ರ, ಅವು ಮರಿಮಾಡುತ್ತವೆ. ಹೀಗಿರುವಾಗ ಸೊರಗಿದ ಒಂದು ಮರಿಯನ್ನೂ ಕೈಬಿಡುವಂತಿರಲಿಲ್ಲ.

1997ರಲ್ಲಿ ಕಾಡ್‌ಫಿಶ್ ದ್ವೀಪದಲ್ಲಿ ಹುಟ್ಟಿದ ‘ಸಿರಾಕೊ’ ಅಂತಹ ಒಂದು ಮರಿ. ಉಸಿರಾಟದ ಕಾಯಿಲೆಗೆ ತುತ್ತಾದ ಅದನ್ನು ಪಾಲಕರು ಗೂಡಿನಿಂದ ತಂದು, ಕೈತುತ್ತಿಟ್ಟು ಬದುಕಿಸಿದರು. ಜೀವವೇನೋ ಉಳಿಯಿತು. ಆದರೆ ಒಡಹುಟ್ಟಿದವರಿಲ್ಲದೆ, ಮನುಷ್ಯರ ನಡುವೆ ಏಕಾಕಿಯಾಗಿ ಬೆಳೆದ ಸಿರಾಕೊ ಮನುಷ್ಯರನ್ನೇ ತನ್ನ ಕುಲವೆಂದು ಬಗೆಯಿತು. ಪ್ರಾಯಕ್ಕೆ ಬಂದ ಮೇಲೂ ಹೆಣ್ಣು ಗಿಳಿಗಳತ್ತ ಅದರ ಮನಸ್ಸು ಹರಿಯಲಿಲ್ಲ. 2009ರಲ್ಲಿ ಮಾರ್ಕ್ ಕಾರ್ವರ್ಡೈನ್ ಎಂಬ ಪ್ರಾಣಿಶಾಸ್ತ್ರಜ್ಞರ ತಲೆಯನ್ನೇರಿ ಅದು ನಡೆಸಿದ ಪ್ರಣಯಚೇಷ್ಟೆಯ ಚಿತ್ರವನ್ನು ಕಂಡು ಜಗತ್ತೇ ನಕ್ಕಿತು. ಮರುವರ್ಷ ಅಲ್ಲಿಯ ಸರ್ಕಾರ ಅದನ್ನು ವನ್ಯಸಂರಕ್ಷಣೆಯ ಅಧಿಕೃತ ವಕ್ತಾರ ಪಕ್ಷಿಯೆಂದು ಸಾರಿತು. ಕೀರ್ತಿ ಬಂದಿತು; ಸಂಸಾರ ಮಾತ್ರ ಕೂಡಿಬರಲಿಲ್ಲ.

ಪಾಲಕರು ಈ ಪಾಠವನ್ನು ಮರೆಯಲಿಲ್ಲ. ಅನಂತರ ಕೈತುತ್ತಿನ ಮರಿಗಳನ್ನು ಒಂಟಿಯಾಗಿಡದೆ ಜೊತೆಜೊತೆಯಾಗಿ ಬೆಳೆಸಿ, ಬಲಿತ ಮೇಲೆ ಕಾಡಿಗೆ ಮರಳಿಸುವುದು ರೂಢಿಗೆ ಬಂದಿತು. 2022ರ ವೇಳೆಗೆ ಕಾಕಪೊಗಳ ಸಂಖ್ಯೆ 252ಕ್ಕೆ ಏರಿತ್ತು.

ನಮ್ಮ ಊರುಗಳಲ್ಲಿಯೂ ಮರದ ಪೊಟರೆಯಿಂದ ಮರಿಯೊಂದು ಕೆಳಗೆ ಬಿದ್ದರೆ, ಮನೆಯ ಮಕ್ಕಳು ಅದನ್ನು ಸಾಕೋಣವೆಂದು ಹಟಹಿಡಿಯುವುದುಂಟು. ನಾಡಗಿಳಿಗಳನ್ನು ಪಂಜರದಲ್ಲಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ ವಿರುದ್ಧ. ಸಾಧ್ಯವಾದರೆ ಮರಿಯನ್ನು ಪೊಟರೆಗೇ ಸೇರಿಸಬೇಕು. ಆಗದಿದ್ದರೆ ಅರಣ್ಯ ಇಲಾಖೆಯವರಿಗೆ ಒಪ್ಪಿಸಬೇಕು. ಮಕ್ಕಳಿಗೆ ಕಾನೂನು ಅರ್ಥವಾಗದಿದ್ದರೆ ಸಿರಾಕೊವಿನ ಕಥೆಯನ್ನು ಹೇಳಬಹುದು. ಪ್ರೀತಿಯ ಕೈ ಅದಕ್ಕೆ ಪ್ರಾಣವನ್ನು ಕೊಟ್ಟಿತು. ಗಿಳಿಯಾಗಿ ಬಾಳುವುದನ್ನು ಕಲಿಸಲು ಇನ್ನೊಂದು ಗಿಳಿಯೇ ಬೇಕಾಗಿತ್ತು.