ಒಬ್ಬರೇ ಆಡುವ ಆಟಕ್ಕೆ ಎದುರಾಳಿ ಯಾರು?

ನಮ್ಮ ಭಟ್ಕಳ, ಹೊನ್ನಾವರ, ಕುಮಟಾ ಕಡೆ "ಆಟ" ಅಂದರೆ ಮೊದಲು ನೆನಪಾಗುವುದು ಯಕ್ಷಗಾನ. "ಇವತ್ತು ಎಲ್ಲಿ ಆಟ?" ಅಂತ ಕೇಳಿದರೆ ಯಾವ ಮೇಳ, ಯಾವ ಪ್ರಸಂಗ ಅಂತ ಉತ್ತರ ಬರುತ್ತದೆ. ಭಾಗವತರು, ಮದ್ದಲೆ, ಚಂಡೆ, ವೇಷಧಾರಿಗಳು, ಎದುರಿಗೆ ಊರಿನ ಜನ, ಇಷ್ಟಿದ್ದರೆ ಅದು ಆಟ. ಹಾಗಾಗಿ ನಾನು "ರಾತ್ರಿ ಊಟದವರೆಗೆ ಒಬ್ಬಳೇ ಆಟ ಆಡ್ತೇನೆ" ಅಂದಾಗ ಕೇಳಿದವರಿಗೆ ಏನು ಹೇಳಬೇಕೆಂದು ತೋಚುವುದಿಲ್ಲ. "ಒಬ್ರೇ ಕೂತ್ಕಂಡು ಎಂತ ಆಟ ಮಾರಾಯ್ರೆ?" ಅನ್ನುತ್ತಾರೆ. ಆ ಪ್ರಶ್ನೆಯಲ್ಲಿ ಕುತೂಹಲಕ್ಕಿಂತ ಕನಿಕರವೇ ಜಾಸ್ತಿ ಇರುತ್ತದೆ.

ಕನಿಕರಕ್ಕೆ ಕಾರಣ ಇಲ್ಲದೇ ಇಲ್ಲ. ನಮ್ಮ ಕರಾವಳಿಯಲ್ಲಿ ಒಬ್ಬರೇ ಉಳಿದಿರುವ ಮನೆಗಳು ಎಷ್ಟು ಅಂತ ನಿಮಗೂ ಗೊತ್ತು. ಮಕ್ಕಳು ಬೆಂಗಳೂರಿನಲ್ಲಿ, ಪುಣೆಯಲ್ಲಿ. ಭಟ್ಕಳದ ಕಡೆಯವರಾದರೆ ದುಬೈಯಲ್ಲೋ ಸೌದಿಯಲ್ಲೋ. ಹಿಂದೆ ಹತ್ತು ಜನ ಉಂಡ ಜಗಲಿಯಲ್ಲಿ ಈಗ ಒಂದು ಕುರ್ಚಿ, ಒಂದು ಟೀವಿ. ಮಳೆಗಾಲ ಹಿಡಿಯಿತೆಂದರೆ ಮೇಳಗಳ ತಿರುಗಾಟವೂ ನಿಲ್ಲುತ್ತದೆ, ಅಂಗಳಕ್ಕೆ ಇಳಿಯುವುದೂ ನಿಲ್ಲುತ್ತದೆ. ಸಂಜೆ ಆರರಿಂದ ಒಂಬತ್ತರವರೆಗಿನ ಮೂರು ಗಂಟೆ ಇದೆಯಲ್ಲ, ಅದನ್ನು ದಾಟುವುದು ಶರಾವತಿ ದಾಟಿದ ಹಾಗೆ. ನಮ್ಮ ಯಜಮಾನರು ಹೋದ ಮೇಲಿನ ಮೊದಲ ಮಳೆಗಾಲದಲ್ಲಿ ನನಗೆ ಇದು ಚೆನ್ನಾಗಿ ಅರ್ಥವಾಯಿತು. ಆಗ ಮಗಳು ಬೆಂಗಳೂರಿನಿಂದ ಒಂದು ಪೆಟ್ಟಿಗೆ ಕಳಿಸಿದಳು. ಪತ್ತೇದಾರಿ ಒಗಟಿನ ಆಟ.

ಈ ಆಟದ ಪೆಟ್ಟಿಗೆಯಲ್ಲಿ ಏನಿರುತ್ತದೆ ಅಂತ ಹೇಳುತ್ತೇನೆ. ಒಂದು ಅಪರಾಧದ ಕಥೆ. ಅದಕ್ಕೆ ಸಂಬಂಧಪಟ್ಟ ಕಾಗದ ಪತ್ರಗಳು: ಸಾಕ್ಷಿಗಳ ಹೇಳಿಕೆ, ಊರಿನ ನಕ್ಷೆ, ಹಳೇ ಪತ್ರಿಕೆಯ ತುಂಡು, ಒಂದು ರಸೀದಿ, ಒಂದು ಫೋಟೋ. ಕೊನೆಯಲ್ಲಿ ಮುಚ್ಚಿದ ಲಕೋಟೆಯಲ್ಲೋ ಬೇರೆ ಪುಟದಲ್ಲೋ ಉತ್ತರ. ದಾಳ ಇಲ್ಲ, ಕಾಯಿ ಇಲ್ಲ, ಸರದಿ ಇಲ್ಲ. ಎಲ್ಲವನ್ನೂ ಮೇಜಿನ ಮೇಲೆ ಹರಡಿಕೊಂಡು ಓದಬೇಕು, ಹೋಲಿಸಬೇಕು, ಟಿಪ್ಪಣಿ ಬರೆಯಬೇಕು. ಎನ್. ನರಸಿಂಹಯ್ಯನವರ ಕಾದಂಬರಿ ಓದಿ ಬೆಳೆದವರಿಗೆ ಪತ್ತೇದಾರ ಪುರುಷೋತ್ತಮ ಗೊತ್ತು. ಕಾದಂಬರಿಯಲ್ಲಿ ಕಳ್ಳನನ್ನು ಹಿಡಿಯುವ ಕೆಲಸ ಅವನದು, ಪುಟ ಮಗುಚುವ ಕೆಲಸ ನಮ್ಮದು. ಇಲ್ಲಿ ಪುರುಷೋತ್ತಮ ರಜೆಯ ಮೇಲೆ ಹೋಗಿದ್ದಾನೆ, ಕಳ್ಳನನ್ನು ನಾವೇ ಹಿಡಿಯಬೇಕು.

ಇದೇನು ನಿನ್ನೆ ಮೊನ್ನೆಯ ಹುಚ್ಚಲ್ಲ. 1934ರಲ್ಲಿ, ಅಂದರೆ ಹೊನ್ನಾವರದ ಕೆರೆಮನೆ ಶಿವರಾಮ ಹೆಗಡೆಯವರು ಇಡಗುಂಜಿ ಮೇಳ ಕಟ್ಟಿದ ವರ್ಷವೇ, ಇಂಗ್ಲೆಂಡಿನಲ್ಲಿ ಎಡ್ವರ್ಡ್ ಪೋವಿಸ್ ಮ್ಯಾಥರ್ಸ್ ಎಂಬ ಪದಬಂಧಕಾರ "ಕೇನ್ಸ್ ಜಾಬೋನ್" ಅನ್ನುವ ಒಂದು ಒಗಟು ಪ್ರಕಟಿಸಿದ. ಆರು ಕೊಲೆಗಳ ಕಥೆ, 100 ಪುಟ, ಆದರೆ ಪುಟಗಳೆಲ್ಲ ಬೇಕೆಂದೇ ಅದಲು ಬದಲು. ಸರಿಯಾದ ಕ್ರಮ ಹುಡುಕಿ, ಕೊಂದವರು ಯಾರು, ಸತ್ತವರು ಯಾರು ಅಂತ ಹೇಳಬೇಕು. 100 ಪುಟಗಳನ್ನು ಎಷ್ಟು ರೀತಿ ಜೋಡಿಸಬಹುದು ಅಂತ ಲೆಕ್ಕ ಹಾಕಿದರೆ 158 ಅಂಕಿಗಳ ಸಂಖ್ಯೆ ಬರುತ್ತದೆ! ಆ ಕಾಲದಲ್ಲಿ ಬಿಡಿಸಿದವರು ಇಬ್ಬರೇ. 2019ರಲ್ಲಿ ಮತ್ತೆ ಅಚ್ಚಾದಾಗ ಜಾನ್ ಫಿನ್ನೆಮೋರ್ ಎಂಬ ಹಾಸ್ಯ ಲೇಖಕ ಪುಟಗಳನ್ನೆಲ್ಲ ಹರಡಿಕೊಂಡು ಕೂತು, ಕೊರೋನಾ ಲಾಕ್‌ಡೌನಿನ ತಿಂಗಳುಗಳಲ್ಲಿ ಅದನ್ನು ಬಿಡಿಸಿದ. ಜಗತ್ತೆಲ್ಲ ಬಾಗಿಲು ಹಾಕಿಕೊಂಡು ಕಂಗಾಲಾಗಿದ್ದಾಗ ಅವನ ಮನೆಯಲ್ಲಿ ಆರು ಕೊಲೆಗಳ ತನಿಖೆ ನಡೆಯುತ್ತಿತ್ತು.

1936ರಲ್ಲಿ ಡೆನ್ನಿಸ್ ವೀಟ್ಲಿ ಎಂಬ ಲೇಖಕ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ಅವನ "ಮರ್ಡರ್ ಆಫ್ ಮಿಯಾಮಿ"ಯಲ್ಲಿ ಕಥೆಯ ಬದಲು ಪೊಲೀಸ್ ಕಡತವೇ ಇತ್ತು. ಟೆಲಿಗ್ರಾಂ, ಫೋಟೋ, ಕೂದಲೆಳೆ, ಉರಿದ ಬೆಂಕಿಕಡ್ಡಿ ಎಲ್ಲ ಒಳಗೇ ಅಂಟಿಸಿದ್ದರು. ಕೊನೆಯ ಭಾಗ ಅಂಟಿಸಿ ಮುಚ್ಚಿತ್ತು, ಹರಿದರೆ ಮಾತ್ರ ಉತ್ತರ. 1981ರಲ್ಲಿ ಅಮೆರಿಕದಲ್ಲಿ ಬಂದ "ಷರ್ಲಾಕ್ ಹೋಮ್ಸ್ ಕನ್ಸಲ್ಟಿಂಗ್ ಡಿಟೆಕ್ಟಿವ್" ಇದನ್ನು ಪೂರ್ತಿ ಆಟವಾಗಿಸಿತು. ಲಂಡನ್ನಿನ ನಕ್ಷೆ, ವಿಳಾಸಗಳ ಪುಸ್ತಕ, ಆ ದಿನದ ಪತ್ರಿಕೆ ಕೊಡುತ್ತಾರೆ. ಯಾರ ಮನೆಗೆ ಮೊದಲು ಹೋಗಬೇಕು, ಯಾವಾಗ ತನಿಖೆ ಸಾಕು ಅಂತ ನಿಲ್ಲಿಸಬೇಕು, ಎಲ್ಲ ನಿಮ್ಮ ತೀರ್ಮಾನ. ಕೊನೆಗೆ ಹೋಮ್ಸ್ ಎಷ್ಟು ಕಡೆ ಹೋಗಿ ಕಂಡುಹಿಡಿದ, ನೀವು ಎಷ್ಟು ಕಡೆ ಅಲೆದಿರಿ ಅಂತ ಅಂಕ. 1985ರಲ್ಲಿ ಜರ್ಮನಿಯಲ್ಲಿ ಅದಕ್ಕೆ ವರ್ಷದ ಆಟದ ಪ್ರಶಸ್ತಿಯೂ ಬಂತು. ಗುಂಪಾಗಿ ಆಡಬಹುದು, ಒಬ್ಬರೇ ಆಡಿದರೂ ನಿಯಮದಲ್ಲಿ ಏನೂ ಬದಲಾಗುವುದಿಲ್ಲ.

"ಅದೆಲ್ಲ ಅವರ ನಾಡಿನದು" ಅನ್ನಬೇಡಿ. ಅಶೋಕವನದಲ್ಲಿ ಸೀತೆ ಒಬ್ಬಳೇ ಕೂತು ಗುಳಿಮಣೆಯಲ್ಲಿ ಕಾಯಿ ಹಾಕಿ ಆಡುತ್ತಿದ್ದಳು ಅನ್ನುವ ಮಾತು ದಕ್ಷಿಣದ ಹಲವು ಕಡೆ ಇದೆ. ಚೆನ್ನೆಮಣೆಯನ್ನು ಒಬ್ಬರೇ ಆಡುವ ಬಗೆಗೆ ಅವಳ ಹೆಸರೇ ಅಂಟಿಕೊಂಡಿದೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರಂತೂ ಇಂಥ ಒಂಟಿ ಒಗಟುಗಳ ದೊಡ್ಡ ಪ್ರೇಮಿ. ಚದುರಂಗದ ಕುದುರೆ 64 ಮನೆಗಳನ್ನೂ ಒಂದೊಂದೇ ಸಲ ಮುಟ್ಟಿ ಬರಬೇಕು ಎಂಬ ಲೆಕ್ಕವನ್ನು ಬಿಡಿಸಲು ಅವರಿಗೆ ಎದುರಾಳಿ ಬೇಕಿರಲಿಲ್ಲ, ಒಂದು ಹಾಸು ಮತ್ತು ಒಂದು ಕುದುರೆ ಸಾಕಿತ್ತು. ಅವರ ಶ್ರೀತತ್ತ್ವನಿಧಿಯಲ್ಲಿ ಒಂಬತ್ತು ನಿಧಿಗಳಿವೆ. ಅದರಲ್ಲಿ ಕೌತುಕನಿಧಿಯಲ್ಲಿ ಆಟಗಳಿಗೂ ಜಾಗ ಕೊಟ್ಟಿದ್ದಾರೆ. ಅಜ್ಜಿಯರ ಒಗಟು, ಪತ್ರಿಕೆಯ ಪದಬಂಧ ಎಲ್ಲ ಇದೇ ವಂಶದವು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ನಾಲ್ಕು ಜನ ಕೂತು ಆಡುವಾಗ ಯಾರೂ ಕಳ್ಳಾಟ ಆಡದ ಹಾಗೆ ಉಳಿದ ಮೂವರ ಕಣ್ಣಿರುತ್ತದೆ. ಒಬ್ಬರೇ ಆಡುವಾಗ? ಉತ್ತರದ ಲಕೋಟೆ ನಿಮ್ಮ ಕೈಯಳತೆಯಲ್ಲೇ ಇದೆ. ಮನೆಯಲ್ಲಿ ಬೇರೆ ಯಾರೂ ಇಲ್ಲ. ಬಿಚ್ಚಿ ನೋಡಿ ಮತ್ತೆ ಅಂಟಿಸಿಟ್ಟರೂ ಕೇಳುವವರಿಲ್ಲ. ಲಕೋಟೆಯೂ ಬೇಡ, ಮೊಬೈಲಿನಲ್ಲಿ ಹುಡುಕಿದರೆ ಅರ್ಧ ನಿಮಿಷದಲ್ಲಿ ಉತ್ತರ ಸಿಗುತ್ತದೆ. ಎರಡನೇ ಸಂಜೆ ನನಗೆ ಹೊಳೆದದ್ದು ಇದು: ಈ ಆಟದಲ್ಲಿ ನನ್ನ ಎದುರಾಳಿ ಆ ಕಥೆಯ ಕೊಲೆಗಾರ ಅಲ್ಲವೇ ಅಲ್ಲ. "ಸಾಕು, ಬಿಚ್ಚಿ ನೋಡೇಬಿಡುವಾ" ಅನ್ನುವ ನನ್ನ ಮನಸ್ಸೇ ಎದುರು ಕುರ್ಚಿಯಲ್ಲಿ ಕೂತಿದೆ.

ಉತ್ತರ ಗೊತ್ತಿಲ್ಲದೆ ಒಂದು ರಾತ್ರಿ ಮಲಗುವುದು ನಮಗೆಲ್ಲ ಮರೆತೇ ಹೋಗಿದೆ. ಹಿಂದೆ ಊರಿಂದ ಕಾಗದ ಬರಲು ವಾರ ಕಾಯುತ್ತಿದ್ದೆವು, ಪರೀಕ್ಷೆಯ ಫಲಿತಾಂಶಕ್ಕೆ ತಿಂಗಳು. ಈಗ ಮಗ ಒಂದು ಗಂಟೆ ಫೋನ್ ಎತ್ತದಿದ್ದರೆ ಎದೆ ಡವಗುಟ್ಟುತ್ತದೆ. ಗೊತ್ತಿಲ್ಲದಿರುವುದು ಅಂದರೆ ಏನೋ ಕೆಟ್ಟದ್ದೇ ಅಂತ ಮನಸ್ಸು ಅಭ್ಯಾಸ ಮಾಡಿಕೊಂಡಿದೆ. ಒಬ್ಬರೇ ಇರುವವರಿಗಂತೂ ಈ ಅಭ್ಯಾಸ ಬಹಳ ಕಾಟ ಕೊಡುತ್ತದೆ. ಒಗಟಿನ ಆಟ ಕಲಿಸಿದ್ದು ಇಷ್ಟೇ: ಗೊತ್ತಿಲ್ಲದ್ದನ್ನು ಮೇಜಿನ ಮೇಲೆ ಬಿಟ್ಟು, ಒಂದು ಬಟ್ಟೆ ಮುಚ್ಚಿ, ಗಂಜಿ ಉಂಡು ಮಲಗಬಹುದು. ಬೆಳಿಗ್ಗೆ ಅದು ಅಲ್ಲೇ ಇರುತ್ತದೆ. ಎಷ್ಟೋ ಸಲ ದೋಸೆ ಹೊಯ್ಯುವಾಗಲೇ ಸುಳಿವು ಹೊಳೆಯುತ್ತದೆ.

ಇನ್ನೊಂದು ಬದಲಾವಣೆ ನಾನು ಎಣಿಸಿರದೇ ಇದ್ದದ್ದು. ಮಕ್ಕಳ ಫೋನ್ ಅಂದರೆ ಒಂದೇ ರಾಗ. "ಊಟ ಆಯ್ತಾ? ಮಾತ್ರೆ ತಗೊಂಡ್ಯಾ? ಮಳೆ ಜೋರಾ?" ನಾನೂ "ಆಯ್ತು, ತಗೊಂಡೆ, ಜೋರು" ಅನ್ನುತ್ತಿದ್ದೆ. ಎರಡು ನಿಮಿಷಕ್ಕೆ ಮಾತು ಮುಗಿಯುತ್ತಿತ್ತು. ಈಗ ಮಗಳು ಮೊದಲು ಕೇಳುವುದು, "ಆಯಿ, ಆ ರಸೀದಿ ಯಾರದ್ದು ಅಂತ ಗೊತ್ತಾಯ್ತಾ?" ಆಮೇಲೆ ಇಬ್ಬರೂ ಅರ್ಧ ಗಂಟೆ ವಾದ ಮಾಡುತ್ತೇವೆ. ನಾನು ಅವಳಿಗೆ ವಿಚಾರಿಸಿಕೊಳ್ಳಬೇಕಾದ ಮುದುಕಿ ಮಾತ್ರ ಆಗಿ ಉಳಿದಿಲ್ಲ. ನನ್ನ ಹತ್ತಿರವೂ ಹೇಳಲು ಒಂದು ಸುದ್ದಿ ಇದೆ.

ಹಾಗಂತ ಇದು ಒಂಟಿತನಕ್ಕೆ ಔಷಧಿ ಅಂತ ನಾನು ಹೇಳುವುದಿಲ್ಲ. ಜ್ವರ ಬಂದ ರಾತ್ರಿ ಗಂಜಿ ಕಾಯಿಸಿಕೊಡಲು ಮನುಷ್ಯರೇ ಬೇಕು. ಆಟದ ಪೆಟ್ಟಿಗೆ ತಂದುಕೊಟ್ಟು "ಅಮ್ಮನಿಗೆ ಹೊತ್ತು ಹೋಗ್ತದೆ" ಅಂತ ಮಕ್ಕಳು ಊರಿಗೆ ಬರುವುದನ್ನೇ ಬಿಟ್ಟರೆ ಅದಕ್ಕಿಂತ ದೊಡ್ಡ ಅನ್ಯಾಯ ಇಲ್ಲ.

ಆಡುವ ಮನಸ್ಸಾದವರಿಗೆ, ಮುಖ್ಯವಾಗಿ ನಮ್ಮ ಕಡೆಯವರಿಗೆ, ನಾಲ್ಕು ಮಾತು. ಮೊದಲನೆಯದು, ಬರೀ ಕಾಗದದ ಆಟ ತೆಗೆದುಕೊಳ್ಳಿ. "ಅನ್‌ಲಾಕ್" ತರಹದ ಕೆಲವಕ್ಕೆ ಮೊಬೈಲಿನಲ್ಲಿ ಆ್ಯಪ್ ಬೇಕು. ಆಷಾಢದಲ್ಲಿ ಕರೆಂಟು ಹೋಗಿ ಚಾರ್ಜ್ ಮುಗಿದರೆ ತನಿಖೆಯೂ ಮುಗಿಯಿತು. ಎರಡನೆಯದು, "ಎಕ್ಸಿಟ್" ಹೆಸರಿನ ಜರ್ಮನ್ ಆಟಗಳಲ್ಲಿ ಕಾಗದ ಕತ್ತರಿಸಬೇಕು, ಮಡಚಬೇಕು, ಬರೆಯಬೇಕು, ಹಾಗಾಗಿ ಒಂದೇ ಸಲ ಆಡಲು ಬರುತ್ತದೆ. ಅದರ ಬೆಲೆ ನೋಡಿ ತೀರ್ಮಾನಿಸಿ. ಅದರಲ್ಲಿ ಒಂದೊಂದು ಒಗಟಿಗೂ ಸುಳಿವಿನ ಚೀಟಿಗಳಿರುತ್ತವೆ, ಕೊನೆಯದರಲ್ಲಿ ಉತ್ತರವೇ ಇರುತ್ತದೆ. ಒಂದು ಚೀಟಿ ತೆಗೆದ ಮೇಲೆ ಇನ್ನೊಂದಕ್ಕೆ ಮರುದಿನದವರೆಗೆ ಕಾಯುವುದು ನಾನು ಹಾಕಿಕೊಂಡ ನಿಯಮ. ಮೂರನೆಯದು, ನಮ್ಮ ಹವೆಗೆ ರಟ್ಟು ಸೊಟ್ಟಗಾಗುತ್ತದೆ, ಬೂಷ್ಟು ಹಿಡಿಯುತ್ತದೆ. ಆಡಿದ ಮೇಲೆ ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ ಹಾಕಿಡಿ. ನಾಲ್ಕನೆಯದು, ಒಂದು ನೋಟ್‌ಬುಕ್ ಇಟ್ಟುಕೊಂಡು ನಿಮ್ಮ ಅನುಮಾನವನ್ನು ತಾರೀಕು ಹಾಕಿ ಬರೆಯಿರಿ. ಒಬ್ಬರೇ ಆಡುವಾಗ "ನನಗೆ ಮೊದಲೇ ಗೊತ್ತಿತ್ತು" ಅಂತ ನಮಗೆ ನಾವೇ ಸುಳ್ಳು ಹೇಳಿಕೊಳ್ಳುವುದು ಬಹಳ ಸುಲಭ. ಬರೆದಿಟ್ಟರೆ ಆ ದಾರಿ ಮುಚ್ಚುತ್ತದೆ.

ಪೆಟ್ಟಿಗೆ ತರಿಸಲು ಆಗದವರು ಇಲ್ಲೇ ಶುರು ಮಾಡಿ, ದುಡ್ಡು ಬೇಡ. ಮೂವರು ಅಕ್ಕತಂಗಿಯರು. ದೊಡ್ಡವಳನ್ನು ಭಟ್ಕಳಕ್ಕೆ, ನಡುವಿನವಳನ್ನು ಹೊನ್ನಾವರಕ್ಕೆ, ಚಿಕ್ಕವಳನ್ನು ಕುಮಟಾಕ್ಕೆ ಕೊಟ್ಟಿದೆ. ಹಬ್ಬಕ್ಕೆ ತವರಿಗೆ ಬಂದು ಮೂವರೂ ವಾಪಸು ಹೋದ ಮೇಲೆ ನೋಡಿದರೆ ಅಟ್ಟದ ಮೇಲಿನ ಅಪ್ಪೆಮಿಡಿ ಉಪ್ಪಿನಕಾಯಿಯ ಭರಣಿ ಇಲ್ಲ! ಒಯ್ದವಳು ಮೂವರಲ್ಲಿ ಒಬ್ಬಳೇ. ಆಯಿ ಮೂವರಿಗೂ ಫೋನ್ ಮಾಡಿದಳು. ಭಟ್ಕಳದವಳು, "ಹೊನ್ನಾವರದವಳೇ ತಗೊಂಡು ಹೋದದ್ದು" ಅಂದಳು. ಹೊನ್ನಾವರದವಳು, "ನಾನಲ್ಲ" ಅಂದಳು. ಕುಮಟಾದವಳೂ, "ನಾನಲ್ಲ" ಅಂದಳು. ಮೂರು ಮಾತಿನಲ್ಲಿ ಒಂದು ಮಾತ್ರ ನಿಜ. ಭರಣಿ ಈಗ ಯಾವ ಊರಿನಲ್ಲಿದೆ?

ಉತ್ತರವನ್ನು ಇಲ್ಲಿ ಬರೆಯುವುದಿಲ್ಲ. ಮೂವರಲ್ಲಿ ಒಬ್ಬೊಬ್ಬಳನ್ನೇ ಕಳ್ಳಿ ಅಂತ ಇಟ್ಟುಕೊಂಡು, ಆಗ ಎಷ್ಟು ಮಾತು ನಿಜವಾಗುತ್ತದೆ ಅಂತ ಎಣಿಸಿ. ಸಿಕ್ಕದಿದ್ದರೆ ನಾಳೆ ಬೆಳಿಗ್ಗೆ ಮತ್ತೊಮ್ಮೆ ಎಣಿಸಿ. ಸಿಕ್ಕಿದರೆ ದೂರದಲ್ಲಿರುವ ಮಗನಿಗೋ ಮಗಳಿಗೋ ಫೋನ್ ಮಾಡಿ ಪ್ರಶ್ನೆ ಮಾತ್ರ ಕೇಳಿ. ಅವರೂ ಒಂದು ರಾತ್ರಿ ಕಾಯಲಿ.