ನಿಂತುಹೋದ ಯಂತ್ರಕ್ಕೆ ನಿಲ್ಲುವ ವ್ಯವಸ್ಥೆ



ಮಕ್ಕಳು ಆಡಿ ಬಿಟ್ಟ ಕೈಯಾಟದ ಯಂತ್ರವೊಂದು ಮನೆಯ ಪೆಟ್ಟಿಗೆಯಲ್ಲಿ ಬಿದ್ದಿರುವುದು ಈಗ ಅಪೂರ್ವವಲ್ಲ. ಸೋನಿ ಕಂಪೆನಿಯ ‘ಪ್ಲೇಸ್ಟೇಷನ್ ವೀಟಾ’ ಅಂಥವುಗಳಲ್ಲೊಂದು. 2011ರ ಡಿಸೆಂಬರಿನಲ್ಲಿ ಜಪಾನಿನಲ್ಲಿ ಹೊರಬಂದ ಇದರ ತಯಾರಿಕೆಯು 2019ರಲ್ಲಿ ನಿಂತಿತು. 2021ರ ಮಾರ್ಚಿನಲ್ಲಿ ಅದರ ಆಟಗಳ ಅಂಗಡಿಯನ್ನೂ ಮುಚ್ಚುವುದಾಗಿ ಕಂಪೆನಿಯು ಸಾರಿ, ಗಿರಾಕಿಗಳು ಆಕ್ಷೇಪಿಸಲಾಗಿ ಏಪ್ರಿಲಿನಲ್ಲಿ ಹಿಂತೆಗೆದುಕೊಂಡಿತು. ಹಣ ತೆತ್ತು ಕೊಂಡ ಪದಾರ್ಥದ ಆಯುಸ್ಸು ಮಾರಿದವನ ಇಚ್ಛೆಯನ್ನೇ ಅವಲಂಬಿಸಬೇಕೆ? ಈ ಪ್ರಶ್ನೆಯೇ ‘ಕಸ್ಟಮ್ ಫರ್ಮ್‌ವೇರ್’ ಎಂಬ ವಿದ್ಯೆಗೆ ಮೂಲವೆನ್ನಬಹುದು.

ಫರ್ಮ್‌ವೇರ್ ಎಂಬುದು ಯಂತ್ರದೊಳಗೇ ನೆಲೆಸಿ ಅದನ್ನು ಆಳುವ ತಂತ್ರಾಂಶ. ಕಂಪೆನಿಯ ಮುದ್ರೆಯಿಲ್ಲದ ಯಾವುದನ್ನೂ ಅದು ಒಳಗೆ ಬಿಡದು. 2016ರಲ್ಲಿ ‘ಮಾಲಿಕ್ಯೂಲ್’ ಎಂಬ ತಜ್ಞರ ತಂಡವು ‘ಹೆನ್‌ಕಾಕು’ ಎಂಬ ಉಪಾಯದಿಂದ ಈ ಕಾವಲನ್ನು ಸಡಿಲಿಸಿತು. ಆದರೆ ಯಂತ್ರವನ್ನು ಆರಿಸಿ ಹೊತ್ತಿಸಿದೊಡನೆ ಅದು ಮಾಯವಾಗುತ್ತಿದ್ದಿತು. 2017ರಲ್ಲಿ ಅದೇ ತಂಡದ ‘ಎನ್ಸೋ’ ಬಂದ ಮೇಲೆ ಅನಿತ್ಯವಾದುದು ಸ್ಥಿರವಾಯಿತು. ಯಂತ್ರವು ಎಚ್ಚೆತ್ತು ತನ್ನ ಉಗ್ರಾಣವನ್ನು ಓದುವ ಹೊತ್ತಿನಲ್ಲಿ ಅಲ್ಲಿ ಬರೆದ ಅಳತೆಯೊಂದನ್ನು ಪರೀಕ್ಷಿಸದೆ ನಂಬುತ್ತಿದ್ದಿತು. ಆ ದೋಷವೇ ಎನ್ಸೋವಿಗೆ ಬಾಗಿಲು.

ವ್ಯಾಕರಣವನ್ನು ಓದಿದವರಿಗೆ ಇದರ ಸ್ವರೂಪವು ಸುಲಭವಾಗಿ ತಿಳಿದೀತು. ಆದೇಶವು ಇದ್ದ ಅಕ್ಷರವನ್ನು ಹೊರಡಿಸಿ ಅದರ ಸ್ಥಾನದಲ್ಲಿ ಕೂಡುವುದು. ಆಗಮವು ಇದ್ದುದನ್ನು ಕೆಡಿಸದೆ ನಡುವೆ ಬಂದು ಸೇರುವುದು. ಎನ್ಸೋ ಆಗಮದಂತೆ: ಮೂಲದ ವ್ಯವಸ್ಥೆಯು ಹಾಗೆಯೇ ಉಳಿದು, ಹೊಸದು ಪ್ರತಿಸಲವೂ ಅದರ ಜೊತೆಯಲ್ಲಿ ಏಳುವುದು.

ಈ ಬಾಗಿಲು 3.60 ಮತ್ತು 3.65ನೆಯ ಆವೃತ್ತಿಗಳಿಗೆ ಮಾತ್ರ ಉಂಟು. 3.74ರಂತಹ ಮುಂದಿನ ಆವೃತ್ತಿಯಿದ್ದಲ್ಲಿ ಮೊದಲು ತಾತ್ಕಾಲಿಕ ಉಪಾಯದಿಂದ ಒಳಹೊಕ್ಕು, ‘ಮೊಡೋರು’ ಎಂಬ ಸಾಧನದಿಂದ ಕೆಳಗಿನ ಆವೃತ್ತಿಗೆ ಇಳಿದು, ಅನಂತರ ಎನ್ಸೋವನ್ನು ಸ್ಥಾಪಿಸತಕ್ಕದ್ದು. ಈ ಕ್ರಮವನ್ನು ತಪ್ಪಿಸಲಾಗದು. ಬರೆಯುವಾಗ ವಿದ್ಯುತ್ತು ಕಡಿದರೆ ಯಂತ್ರವು ಎಂದಿಗೂ ಏಳದ ಇಟ್ಟಿಗೆಯಾದೀತು. ಆದುದರಿಂದ ಬ್ಯಾಟರಿಯನ್ನು ಪೂರ್ಣವಾಗಿ ತುಂಬಿಸಿಕೊಳ್ಳಬೇಕು. ಉಳಿಸಿಟ್ಟ ಆಟಗಳನ್ನು ಮೊದಲೇ ಬೇರೆಡೆ ನಕಲು ಮಾಡಿಡುವುದು ವಿವೇಕ. ಸ್ಥಾಪನೆಯಾದ ಮೇಲೆ ಕಂಪೆನಿಯ ಹೊಸ ಆವೃತ್ತಿಗೆ ಒಪ್ಪಿಗೆ ಕೊಡಲಾಗದು.

ಇದರಿಂದ ಗೃಹಸ್ಥರಿಗೇನು ಲಾಭ? ವೀಟಾ ತನ್ನದೇ ಮಾದರಿಯ ಸ್ಮೃತಿಪತ್ರವನ್ನಲ್ಲದೆ ಬೇರೊಂದನ್ನು ಸ್ವೀಕರಿಸದು, ಅದು ತುಟ್ಟಿಯದು. ಈ ವ್ಯವಸ್ಥೆಯಾದ ಮೇಲೆ, ಆಟದ ಕಾರ್ಡನ್ನು ಸಿಕ್ಕಿಸುವ ಸಂದಿಯಲ್ಲಿ ಚಿಕ್ಕದೊಂದು ಅಡಾಪ್ಟರನ್ನಿಟ್ಟು, ಸಾಮಾನ್ಯ ಮೈಕ್ರೋ ಎಸ್‌ಡಿ ಕಾರ್ಡನ್ನು ಉಪಯೋಗಿಸಬಹುದು. ಆದರೆ ಅದು ಅಲ್ಲಿರುವವರೆಗೆ ಆಟದ ಕಾರ್ಡಿಗೆ ಎಡೆಯಿಲ್ಲ.

ಕಡೆಯದಾಗಿ ಧರ್ಮದ ಮಾತು. ತಾನು ಕೊಂಡ ಆಟವನ್ನು ಕಾಪಾಡಿಕೊಳ್ಳುವುದು ಬೇರೆ, ಕೊಳ್ಳದ ಆಟವನ್ನು ಕದಿಯುವುದು ಬೇರೆ. ಒಂದೇ ಕೀಲಿಕೈಯಿಂದ ಎರಡು ಬಾಗಿಲುಗಳೂ ತೆರೆಯುವುವು. ಮಕ್ಕಳ ಕೈಗೆ ಅದನ್ನು ಕೊಡುವ ಮುನ್ನ ತಮ್ಮ ಮನೆಯ ಬಾಗಿಲು ಯಾವುದೆಂಬುದನ್ನು ತಾಯಿತಂದೆಗಳು ತೋರಿಸಿಕೊಡುವುದು ಅವಶ್ಯ.